ದಾರಿ ತೋರುವ ನಾಯಿಗೂ ಒಂದು ದಾರಿ ಬೇಕು

ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಾಡುಗೋಡಿಯವರೆಗಿನ 13.71 ಕಿಲೋಮೀಟರ್ ಮೆಟ್ರೊ ಮಾರ್ಗ 2023ರ ಮಾರ್ಚ್ 25ರಂದು ಉದ್ಘಾಟನೆಯಾದಾಗ ಸಿಂಗಯ್ಯನಪಾಳ್ಯಕ್ಕೂ ಹೂಡಿಗೂ ನಡುವೆ ಇರುವ ಗರುಡಾಚಾರ್‌ಪಾಳ್ಯಕ್ಕೂ ಒಂದು ನಿಲ್ದಾಣ ಸಿಕ್ಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕಡೆಯ ಕೊಂಡಿಯೂ ಕೂಡಿಕೊಂಡು, ಇಲ್ಲಿ ರೈಲು ಹತ್ತಿದವರು ಇಳಿಯದೆ ಮೆಜೆಸ್ಟಿಕ್ ತಲುಪುವಂತಾಯಿತು. ನಿಲ್ದಾಣಕ್ಕೆ ಲಿಫ್ಟ್ ಇದೆ. ಕಣ್ಣು ಕಾಣದವರು ಪಾದದಿಂದಲೇ ದಾರಿ ತಿಳಿದುಕೊಳ್ಳಲು ಉಬ್ಬುಗೆರೆಯ ಟೈಲ್ಸ್ ಹಾಸಿದ್ದಾರೆ. ಗಾಲಿಕುರ್ಚಿಯಲ್ಲಿ ಬಂದವರನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ, ಬಿಳಿ ಕೋಲು ಹಿಡಿದು ಬಂದವರನ್ನೂ ತಡೆಯುವುದಿಲ್ಲ. ಆದರೆ ಅದೇ ಕೆಲಸಕ್ಕೆ ತರಬೇತಿ ಪಡೆದ ನಾಯಿಯೊಂದಿಗೆ ಕುರುಡರೊಬ್ಬರು ಬಂದರೆ ಏನಾಗುತ್ತದೆ? ನಮ್ಮ ಮೆಟ್ರೊದಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ತಪಾಸಣೆಗೆ ನಿಂತ ಸಿಬ್ಬಂದಿ ಆ ನಿಯಮವನ್ನೇ ಹೇಳಿ ಕೈ ಅಡ್ಡ ಹಿಡಿದರೆ ಅವರನ್ನು ದೂರುವಂತಿಲ್ಲ. ಆದರೆ ಅದೇ ವ್ಯಕ್ತಿ ಅದೇ ನಾಯಿಯೊಂದಿಗೆ ದೆಹಲಿಯಿಂದ ವಿಮಾನ ಹತ್ತಿ ದೇವನಹಳ್ಳಿಯಲ್ಲಿ ಇಳಿಯಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಸ್ಪಷ್ಟವಾಗಿದೆ: ಅಂಗವಿಕಲ ಪ್ರಯಾಣಿಕರು ಮುಂಚಿತವಾಗಿ ತಿಳಿಸಿದರೆ ಸಾಕು, ಅವರನ್ನಾಗಲಿ, ಅವರ ಸಾಧನಗಳನ್ನಾಗಲಿ, ಅವರ ಮಾರ್ಗದರ್ಶಿ ನಾಯಿಯನ್ನಾಗಲಿ ಯಾವ ವಿಮಾನಯಾನ ಸಂಸ್ಥೆಯೂ ನಿರಾಕರಿಸುವಂತಿಲ್ಲ. ನಾಯಿ ಸರಕಿನ ಜೊತೆ ಹೋಗಬೇಕಾಗಿಲ್ಲ, ಕ್ಯಾಬಿನ್ನಿನಲ್ಲೇ ಇರಬಹುದು. ಸಾವಿರಾರು ಅಡಿ ಎತ್ತರದ ಮುಚ್ಚಿದ ಕೊಳವೆಯೊಳಗೆ ಎರಡೂವರೆ ತಾಸು ಒಪ್ಪಿಗೆಯಾದ ನಾಯಿ, ಇಪ್ಪತ್ತು ನಿಮಿಷದ ಮೆಟ್ರೊ ಪ್ರಯಾಣಕ್ಕೆ ಹೇಗೆ ಒಪ್ಪಿಗೆಯಾಗುವುದಿಲ್ಲ ಎಂಬುದು ಈ ಬರಹದ ಪ್ರಶ್ನೆ.

ಮೊದಲು ಮಾತು ತಿಳಿಯಾಗಬೇಕು. 'ಸೇವೆಯ ನಾಯಿ' ಎಂದರೆ ನಮ್ಮ ಜನರ ಕಣ್ಣಮುಂದೆ ಬರುವುದು ಪೊಲೀಸ್ ನಾಯಿ. ಅದು ಸಹಜ. ಆಡುಗೋಡಿಯ ಪೊಲೀಸ್ ಶ್ವಾನದಳಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಕನಕಪುರ ರಸ್ತೆಯ ಕಡೆಯ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆ 2011ರಿಂದ ನಾಯಿಗಳನ್ನು ಬೆಳೆಸಿ ಪಳಗಿಸುವ ಶಾಲೆ ನಡೆಸುತ್ತಿದೆ. ಈ ನಾಯಿಗಳು ಸರ್ಕಾರದ ಕೆಲಸಕ್ಕೆ ಇರುವವು. ನಾವು ಇಲ್ಲಿ ಮಾತಾಡುತ್ತಿರುವ ಸರ್ವಿಸ್ ಡಾಗ್, ಕನ್ನಡದಲ್ಲಿ ಸಹಾಯಕ ನಾಯಿ ಎನ್ನೋಣ, ಒಬ್ಬ ಅಂಗವಿಕಲ ವ್ಯಕ್ತಿಯ ಕೆಲಸಕ್ಕೆ ಇರುವುದು. ಕಣ್ಣು ಕಾಣದವರಿಗೆ ದಾರಿ ತೋರುವುದು ಅದರ ಅತಿ ಪರಿಚಿತ ರೂಪ. ಕಿವಿ ಕೇಳದವರಿಗೆ ಬಾಗಿಲ ಗಂಟೆ, ಮಗುವಿನ ಅಳು, ಬೆಂಕಿಯ ಅಲಾರಾಂ ಕೇಳಿದಾಗ ಮುಟ್ಟಿ ತಿಳಿಸುವ ನಾಯಿಗಳಿವೆ. ಗಾಲಿಕುರ್ಚಿಯವರಿಗೆ ಬಿದ್ದ ಕೀಲಿಕೈ ಎತ್ತಿಕೊಡುವ, ಬಾಗಿಲು ಎಳೆದು ತೆರೆಯುವ ನಾಯಿಗಳಿವೆ. ಮೂರ್ಛೆ ಬಂದವರ ಪಕ್ಕದಲ್ಲೇ ನಿಂತು ಸಹಾಯಕ್ಕೆ ಕೂಗುವ, ಸಕ್ಕರೆ ಅಂಶ ಇಳಿದದ್ದನ್ನು ವಾಸನೆಯಿಂದ ಹಿಡಿದು ಎಚ್ಚರಿಸುವ ನಾಯಿಗಳೂ ಇವೆ. ಇವುಗಳಿಂದ ಬೇರೆಯಾದದ್ದು ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಭೇಟಿ ಕೊಟ್ಟು ಹಲವರ ಮನಸ್ಸು ಹಗುರ ಮಾಡುವ ಥೆರಪಿ ನಾಯಿ. ಇನ್ನೂ ಬೇರೆಯಾದದ್ದು ಮನೆಯಲ್ಲಿದ್ದು ಒಂಟಿತನ ನೀಗುವ ಸಾಕುನಾಯಿ. ಪ್ರೀತಿಯಲ್ಲಿ ಇವು ಒಂದಕ್ಕಿಂತ ಒಂದು ಕಡಿಮೆಯಲ್ಲ. ಆದರೆ ಸಾರ್ವಜನಿಕ ಜಾಗಕ್ಕೆ ಬರುವ ಹಕ್ಕು ಮಾತ್ರ ಸಹಾಯಕ ನಾಯಿಯ ಜೊತೆಗಾರರಿಗೆ ಸೇರಬೇಕಾದದ್ದು. ಇಲ್ಲಿ 'ಜೊತೆಗಾರರಿಗೆ' ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಹಕ್ಕು ನಾಯಿಯದಲ್ಲ, ಆ ಮನುಷ್ಯನದು. ಈ ಒಂದು ಅಂಶ ಕೈತಪ್ಪಿದರೆ ಮುಂದಿನ ಚರ್ಚೆಯೆಲ್ಲ 'ನಾಯಿ ಬೇಕೋ ಬೇಡವೋ' ಎಂಬ ಜಗಳವಾಗಿಬಿಡುತ್ತದೆ.

ಇಂಥ ನಾಯಿಗಳನ್ನು ಕ್ರಮಬದ್ಧವಾಗಿ ಪಳಗಿಸುವ ಕೆಲಸಕ್ಕೆ ಸುಮಾರು ನೂರಹತ್ತು ವರ್ಷಗಳ ಹಿನ್ನೆಲೆಯಿದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಶಾಲೆ ತೆರೆಯಿತು. ಅಮೆರಿಕದಲ್ಲಿ 1929ರಲ್ಲಿ 'ಸೀಯಿಂಗ್ ಐ' ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬನಾದ ಮಾರಿಸ್ ಫ್ರಾಂಕ್ ಎಂಬ ಕುರುಡು ಯುವಕ ಬಡ್ಡಿ ಎಂಬ ನಾಯಿಯೊಂದಿಗೆ ಊರೂರು ತಿರುಗಿ, ರೈಲು ಹೋಟೆಲುಗಳ ಬಾಗಿಲುಗಳನ್ನು ಒಂದೊಂದಾಗಿ ತೆರೆಸಿದ. ಮರಿಯನ್ನು ಒಂದು ಕುಟುಂಬ ವರ್ಷದ ಮಟ್ಟಿಗೆ ಸಾಕಿ ಸಂತೆ, ಸದ್ದು, ಜನಸಂದಣಿಗೆ ಒಗ್ಗಿಸುತ್ತದೆ. ಆಮೇಲೆ ತಿಂಗಳುಗಟ್ಟಲೆ ತರಬೇತಿ ನಡೆಯುತ್ತದೆ, ಕೊನೆಗೆ ನಾಯಿಯನ್ನೂ ವ್ಯಕ್ತಿಯನ್ನೂ ಜೋಡಿಯಾಗಿ ಪಳಗಿಸುತ್ತಾರೆ. ಇದರಲ್ಲಿ ಅತಿ ಕಷ್ಟದ ಪಾಠ ಹೇಳಿದ್ದನ್ನು ಕೇಳುವುದಲ್ಲ, ಬೇಕಾದಾಗ ಕೇಳದಿರುವುದು. ಒಡೆಯ 'ಮುಂದೆ' ಎಂದರೂ, ಸದ್ದಿಲ್ಲದೆ ಬರುವ ಬ್ಯಾಟರಿ ಸ್ಕೂಟರೋ ಚಪ್ಪಡಿ ಕಿತ್ತುಹೋದ ಚರಂಡಿಯೋ ಎದುರಿದ್ದರೆ ನಾಯಿ ಹೆಜ್ಜೆ ಎತ್ತಬಾರದು. ಯಾವ ಬಸ್ಸು ಹತ್ತಬೇಕು, ಎಲ್ಲಿ ತಿರುಗಬೇಕು ಎಂದು ತೀರ್ಮಾನಿಸುವವರು ಮನುಷ್ಯರು. ಈಗ ಹೆಜ್ಜೆಯಿಟ್ಟರೆ ಅಪಾಯವೋ ಅಲ್ಲವೋ ಎಂದು ನೋಡುವುದಷ್ಟೇ ನಾಯಿಯ ಕೆಲಸ. ಬಿಳಿ ಕೋಲಿಗೆ ನೆಲದ ಅಡ್ಡಿ ತಿಳಿಯುತ್ತದೆ. ಎದೆಯ ಮಟ್ಟಕ್ಕೆ ಜೋತುಬಿದ್ದ ಕೇಬಲ್ಲು, ಫುಟ್‌ಪಾತಿನ ಮೇಲೆ ನಿಂತ ಲಾರಿಯ ಹಿಂಬದಿಯಿಂದ ಚಾಚಿದ ಕಬ್ಬಿಣದ ಸರಳು ಕೋಲಿಗೆ ತಿಳಿಯುವುದಿಲ್ಲ. ಬೆಂಗಳೂರಿನ ಪೂರ್ವ ಭಾಗದ ರಸ್ತೆಗಳನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲಿಗೆ ಬೇರೆಯವರ ಕಾನೂನನ್ನು ನೋಡೋಣ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅಂಗಡಿ, ಬಸ್ಸು, ಕಚೇರಿಗಳಲ್ಲಿ ನಿತ್ಯ ಕಾಣುವ ಈ ನಾಯಿಗಳಿಗೆ ಅಲ್ಲಿನ 1990ರ ಅಂಗವಿಕಲರ ಕಾಯ್ದೆಯೇ ಆಧಾರ. ಅದರ ನಿಯಮಗಳ ಪ್ರಕಾರ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸವೊಂದಕ್ಕೆ ತರಬೇತಿ ಪಡೆದ ನಾಯಿಯೇ ಸಹಾಯಕ ನಾಯಿ. ಕೇವಲ ಸಾಂತ್ವನ ನೀಡುವ ನಾಯಿ ಅದರಲ್ಲಿ ಸೇರುವುದಿಲ್ಲ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ? ಇದು ಯಾವ ಕೆಲಸಕ್ಕೆ ಪಳಗಿದೆ? ನಿಮಗೇನು ತೊಂದರೆ ಎಂದು ಕೇಳುವಂತಿಲ್ಲ, ಕಾಗದ ತೋರಿಸಿ ಎನ್ನುವಂತಿಲ್ಲ, ನಾಯಿಗೆಂದು ಹೆಚ್ಚುವರಿ ಹಣ ಪಡೆಯುವಂತಿಲ್ಲ. ಆದರೆ ನಾಯಿ ಹತೋಟಿ ತಪ್ಪಿ ಒಡೆಯರು ಅದನ್ನು ತಡೆಯದಿದ್ದರೆ, ಅಥವಾ ಅದು ಒಳಗೆ ಗಲೀಜು ಮಾಡಿದರೆ ಹೊರಗೆ ಕಳಿಸಬಹುದು. ಆಗಲೂ ನಾಯಿಯನ್ನು ಬಿಟ್ಟು ಬಂದರೆ ಆ ವ್ಯಕ್ತಿಗೆ ಸೇವೆ ಕೊಡಲೇಬೇಕು. ಶಸ್ತ್ರಚಿಕಿತ್ಸಾ ಕೊಠಡಿಯಂಥ ಸೋಂಕುರಹಿತ ಜಾಗಗಳಿಗೆ ಪ್ರವೇಶವಿಲ್ಲ. ಈ ನಿಯಮದ ಅಂದ ಇರುವುದು ಅದರ ತೂಕದಲ್ಲಿ. ಅದು ತಳಿ ಯಾವುದೆಂದು ಕೇಳುವುದಿಲ್ಲ, ಮೈಮೇಲಿನ ಜಾಕೆಟ್ಟಿನ ಬಣ್ಣ ನೋಡುವುದಿಲ್ಲ. ಕೆಲಸ ಮತ್ತು ನಡತೆ ಎಂಬ ಎರಡನ್ನು ಮಾತ್ರ ನೋಡುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವೇ ಎಂದರೆ, ಇದೆ. ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ ನಾಯಿ ಎಂಬ ಪದವಿಲ್ಲ. ಆದರೆ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವ 3ನೇ ಸೆಕ್ಷನ್ ಇದೆ. ಯುಕ್ತವಾದ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂಬ ವ್ಯಾಖ್ಯೆ ಇದೆ. ಸಾರಿಗೆ ಎಲ್ಲರಿಗೂ ನಿಲುಕಬೇಕೆನ್ನುವ 41ನೇ ಸೆಕ್ಷನ್ ಇದೆ. ಈ ಕಾಯ್ದೆ ಹುಟ್ಟಿದ್ದೇ ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಜಾರಿಗೆ ತರಲು. ಅಂಗವಿಕಲರ ಓಡಾಟದ ಬಗ್ಗೆ ಹೇಳುವ ಅದರ 20ನೇ ವಿಧಿಯಲ್ಲಿ ಸಾಧನಗಳ ಜೊತೆಗೆ ಜೀವಂತ ನೆರವಿನ ಮಾತೂ ಬರುತ್ತದೆ. ಯುಕ್ತ ಹೊಂದಾಣಿಕೆ ದಯೆಯಲ್ಲ, ಸಮಾನತೆಯ ಭಾಗ ಎಂದು ಸುಪ್ರೀಂ ಕೋರ್ಟು 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಎತ್ತಿ ಹಿಡಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದು ತೀರ್ಪಿತ್ತಿತು. ಇವನ್ನೆಲ್ಲ ಜೋಡಿಸಿ ಓದಿದರೆ, ತರಬೇತಿ ಪಡೆದ ನಾಯಿಯನ್ನು ನಿಲ್ದಾಣದ ಬಾಗಿಲಲ್ಲಿ ತಡೆಯುವುದು ಕಾಯ್ದೆಯ ಆಶಯಕ್ಕೆ ವಿರುದ್ಧ ಎಂದು ವಾದಿಸಲು ಗಟ್ಟಿ ಆಧಾರ ಸಿಗುತ್ತದೆ. ಆದರೆ ಬೆಳಿಗ್ಗೆ ಒಂಬತ್ತರ ನೂಕುನುಗ್ಗಲಿನಲ್ಲಿ ತಪಾಸಣೆಯ ಮೇಜಿನ ಮುಂದೆ ಯಾರು ವಿಶ್ವಸಂಸ್ಥೆಯ ವಿಧಿ ವಾದಿಸುತ್ತಾರೆ? ಅಲ್ಲಿ ಬೇಕಾದದ್ದು ಸಿಬ್ಬಂದಿಯ ಕೈಯಲ್ಲಿರುವ ಸುತ್ತೋಲೆಯ ಒಂದು ಸಾಲು. ವಿಮಾನದವರಿಗೆ ಆ ಸಾಲು ಇದೆ, ಆದ್ದರಿಂದ ಅವರಿಗೆ ಗೊಂದಲವಿಲ್ಲ.

ಇಲ್ಲಿ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ತೊಡಕು ಇದೆ. ಇಂಥ ನಾಯಿಗಳೇ ನಮ್ಮ ಊರಲ್ಲಿ ಕಾಣುವುದಿಲ್ಲ, ಇಲ್ಲದ ನಾಯಿಗೆ ನಿಯಮ ಯಾಕೆ ಎಂದು ಅಧಿಕಾರಿ ಕೇಳುತ್ತಾರೆ. ಬಸ್ಸು, ರೈಲು, ಕಚೇರಿ ಯಾವುದಕ್ಕೂ ಕರೆದೊಯ್ಯುವ ಭರವಸೆ ಇಲ್ಲದ ನಾಯಿಗೆ ಒಂದೂವರೆ ಎರಡು ವರ್ಷದ ತರಬೇತಿ ಯಾಕೆ ಎಂದು ಅಂಗವಿಕಲರ ಮನೆಯವರು ಕೇಳುತ್ತಾರೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಎರಡರಲ್ಲಿ ಖರ್ಚಿಲ್ಲದೆ ಬಿಚ್ಚಬಹುದಾದ ಗಂಟು ಅಧಿಕಾರಿಯ ಕಡೆಯದು. ನಾಯಿ ಪಳಗಿಸಲು ಲಕ್ಷಾಂತರ ರೂಪಾಯಿಯೂ ವರ್ಷಗಳೂ ಬೇಕು, ಸುತ್ತೋಲೆಗೆ ಒಂದು ಹಾಳೆ ಸಾಕು. ನಾಯಿಯನ್ನು ಕೆಲಸಕ್ಕೆ ಪಳಗಿಸುವ ವಿದ್ಯೆಯಂತೂ ಈ ಊರಿಗೆ ಹೊಸದಲ್ಲ, ತರಳುವಿನಲ್ಲಿ ದಿನವೂ ನಡೆಯುವುದು ಅದೇ.

ಈಗ ಆಕ್ಷೇಪಗಳು. ಎಲ್ಲಕ್ಕಿಂತ ತೂಕದ ಆಕ್ಷೇಪ ಬೀದಿನಾಯಿಯದು. 2023ರ ಪಾಲಿಕೆಯ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ವಲಯಗಳಲ್ಲಿ ಅತಿ ಹೆಚ್ಚು ಇದ್ದದ್ದು ಮಹದೇವಪುರದಲ್ಲಿ, ಅಂದರೆ ಗರುಡಾಚಾರ್‌ಪಾಳ್ಯ ಸೇರಿದ ವಲಯದಲ್ಲೇ. ಬೀದಿನಾಯಿಗೆ ತನ್ನ ಬೀದಿ ಎಂದರೆ ತನ್ನ ರಾಜ್ಯ. ಹೊಸ ನಾಯಿ ಕಾಲಿಟ್ಟರೆ ಇಡೀ ಗುಂಪು ಬೊಗಳುತ್ತ ಬೆನ್ನಟ್ಟುತ್ತದೆ. ಸರಂಜಾಮು ಕಟ್ಟಿಕೊಂಡ ಮಾರ್ಗದರ್ಶಿ ನಾಯಿ ತಿರುಗಿ ಹೋರಾಡುವಂತಿಲ್ಲ, ಅದರ ಹಿಡಿಕೆ ಹಿಡಿದವರು ಓಡುವಂತಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಯಾರ ಮಾತನ್ನೂ ನಾನು ನಂಬುವುದಿಲ್ಲ. ನಮ್ಮ ಊರುಗಳಲ್ಲಿ ಈ ನಾಯಿಗಳು ಬೇರುಬಿಡದಿರಲು ಇದೂ ಒಂದು ನಿಜವಾದ ಕಾರಣ. ಆದರೆ ಇದರಿಂದ ನಿಯಮ ಬೇಡ ಎಂಬ ತೀರ್ಮಾನ ಹುಟ್ಟುವುದಿಲ್ಲ. ಬೀದಿನಾಯಿಯ ಕಾಟ ಇರುವುದು ರಸ್ತೆಯಲ್ಲಿ. ಮೆಟ್ರೊ, ಮಾಲ್, ಟೆಕ್ ಪಾರ್ಕು, ಆಸ್ಪತ್ರೆಗಳ ಒಳಗಲ್ಲ. ಅಲ್ಲೆಲ್ಲ ನಾಯಿಯನ್ನು ತಡೆದು, ಓಡಾಡಲು ರಸ್ತೆಯನ್ನಷ್ಟೇ ಉಳಿಸಿದರೆ ಅತಿ ಅಪಾಯದ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟಂತೆ. ಕಿವಿ ಕೇಳದವರ ನಾಯಿ, ಮೂರ್ಛೆರೋಗದವರ ನಾಯಿ ಹೆಚ್ಚಾಗಿ ಕೆಲಸ ಮಾಡುವುದೂ ಒಳಾಂಗಣದಲ್ಲೇ. ಇನ್ನೊಂದು ಹೊಸ ಸಂಗತಿ ಈ ವಿಷಯಕ್ಕೆ ತುರ್ತು ತಂದಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಲು ಆದೇಶಿಸಿತು. ಸಂಸ್ಥೆಗಳು ಬೇಲಿ ಹಾಕುವ, ಫಲಕ ತೂಗುಹಾಕುವ ಈ ಹೊತ್ತಿನಲ್ಲೇ ಸಹಾಯಕ ನಾಯಿಗೆ ವಿನಾಯಿತಿಯ ಮಾತು ಸೇರದಿದ್ದರೆ, 'ನಾಯಿಗಳಿಗೆ ಪ್ರವೇಶವಿಲ್ಲ' ಎಂಬ ಎರಡು ಪದ ಇನ್ನು ಇಪ್ಪತ್ತು ವರ್ಷ ಗೋಡೆಯ ಮೇಲೆ ಉಳಿಯುತ್ತದೆ.

ಎರಡನೆಯದು ಭಯ, ಅಲರ್ಜಿ ಮತ್ತು ಮಡಿ. ನಾಯಿ ಎಂದರೆ ಮೈ ನಡುಗುವವರಿದ್ದಾರೆ. ಬಾಲ್ಯದಲ್ಲಿ ಕಚ್ಚಿಸಿಕೊಂಡವರಿಗೆ ಆ ಭಯ ಜೀವಮಾನದ್ದು. ಅವರ ಭಯ ಸುಳ್ಳಲ್ಲ. ಆದರೆ ಆರು ಬೋಗಿಯ ರೈಲಿನಲ್ಲಿ ಭಯವಿರುವವರಿಗೆ ಐದು ಬೋಗಿ ಉಳಿಯುತ್ತದೆ, ನಾಯಿಯನ್ನೇ ನೆಚ್ಚಿ ಓಡಾಡುವವರಿಗೆ ಅದನ್ನು ತಡೆದರೆ ಒಂದೂ ಉಳಿಯುವುದಿಲ್ಲ. ಇಬ್ಬರಿಗೂ ಜಾಗ ಮಾಡಿಕೊಡುವುದು ಸಾಧ್ಯವಿರುವಾಗ ಒಬ್ಬರನ್ನು ಹೊರಗಿಡುವುದು ನ್ಯಾಯವಲ್ಲ. ಮಡಿಯ ಪ್ರಶ್ನೆಯನ್ನೂ ಗೌರವದಿಂದ ನೋಡಬೇಕು. ದೇವಸ್ಥಾನದ ಗರ್ಭಗುಡಿ, ಮಸೀದಿಯ ನಮಾಜಿನ ಅಂಗಳ ಅವರವರ ತೀರ್ಮಾನಕ್ಕೆ ಬಿಟ್ಟದ್ದು. ಅಮೆರಿಕದ ಕಾಯ್ದೆ ಕೂಡ ಪೂಜಾಸ್ಥಳಗಳನ್ನು ಹೊರಗಿಟ್ಟಿದೆ. ಅದರಾಚೆಗೆ, ಕೆಲಸದ ನಾಯಿಗೂ ಮಿಕ್ಕ ನಾಯಿಗೂ ಇರುವ ವ್ಯತ್ಯಾಸ ನಮ್ಮ ಯಾವ ಪರಂಪರೆಗೂ ಹೊಸದಲ್ಲ. ಪಳಗಿಸಿದ ಬೇಟೆನಾಯಿ ಹಿಡಿದುಕೊಟ್ಟದ್ದನ್ನು ತಿನ್ನಬಹುದೆಂಬ ಅನುಮತಿ ಕುರಾನಿನಲ್ಲೇ ಇದೆ. ಮದ್ದೂರು ಸೀಮೆಯ ಆತಕೂರಿನಲ್ಲಿ ಹತ್ತನೇ ಶತಮಾನದ ನಡುವೆ, ಗಂಗರ ಬೂತುಗನ ಸೇನಾನಿ ಮಣಲರ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ. ಅದಕ್ಕೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. ಆ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಪೊಲೀಸರ ವಾಸನೆ ಹಿಡಿಯುವ ನಾಯಿ ಬಾಂಬ್ ಬೆದರಿಕೆಯ ದಿನ ನಿಲ್ದಾಣದ ಮೂಲೆಮೂಲೆ ತಿರುಗಿದರೂ ಯಾರೂ ಮಡಿ ಕೆಟ್ಟಿತು ಎನ್ನುವುದಿಲ್ಲ. ಅದು ಕೆಲಸಕ್ಕೆ ಬಂದಿದೆ ಎಂದು ಎಲ್ಲರೂ ಬಲ್ಲರು. ಸಾವಿರ ಜನರ ರಕ್ಷಣೆಗೆ ಬಂದ ನಾಯಿಗೆ ಸಿಗುವ ಆ ತಿಳಿವಳಿಕೆ ಒಬ್ಬರ ರಕ್ಷಣೆಗೆ ಬಂದದ್ದಕ್ಕೂ ಸಿಗಬೇಕು.

ಮೂರನೆಯದು ನಕಲಿಯ ಆತಂಕ. ಬಾಗಿಲು ತೆರೆದರೆ ಎಲ್ಲರೂ ತಮ್ಮ ಮುದ್ದಿನ ನಾಯಿಗೆ ಜಾಕೆಟ್ ತೊಡಿಸಿ ಸಹಾಯಕ ನಾಯಿ ಎನ್ನುವುದಿಲ್ಲವೇ? ಎನ್ನುತ್ತಾರೆ, ಅನುಮಾನವಿಲ್ಲ. ಅಮೆರಿಕದ ವಿಮಾನಗಳಲ್ಲಿ ಸಾಂತ್ವನದ ಪ್ರಾಣಿಗಳ ಹೆಸರಿನಲ್ಲಿ ಇದು ಎಷ್ಟು ಬೆಳೆಯಿತೆಂದರೆ, 2021ರಿಂದ ಅವುಗಳನ್ನು ಸಹಾಯಕ ಪ್ರಾಣಿಗಳೆಂದು ಪರಿಗಣಿಸಬೇಕಾಗಿಲ್ಲ ಎಂದು ಅಲ್ಲಿನ ಸಾರಿಗೆ ಇಲಾಖೆ ನಿಯಮ ಬದಲಿಸಿತು. ಅದು ನಮಗೆ ಪಾಠ. ಆದರೆ ಅಮೆರಿಕದಲ್ಲಿ ಇಲ್ಲದ ಒಂದು ಅನುಕೂಲ ನಮಗಿದೆ. ಕೇಂದ್ರ ಸರ್ಕಾರದ ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿ ಈಗಾಗಲೇ ಜನರ ಕೈಯಲ್ಲಿದೆ. ವ್ಯಕ್ತಿ ಯಾರು ಎಂಬ ಪ್ರಶ್ನೆ ಆ ಚೀಟಿಯಿಂದಲೇ ಬಗೆಹರಿಯುತ್ತದೆ, ಯಾರ ಕಾಯಿಲೆಯನ್ನೂ ಸಾಲಿನಲ್ಲಿ ಕೂಗಿ ಕೇಳಬೇಕಾಗಿಲ್ಲ. ಅದರ ಜೊತೆಗೆ ರೇಬೀಸ್ ಲಸಿಕೆಯ ದಾಖಲೆ, ತರಬೇತಿ ಕೊಟ್ಟವರ ಪತ್ರ ಇದ್ದರೆ ಸಾಕು. ಇದಕ್ಕಿಂತ ಹೆಚ್ಚು ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಪ್ರಮಾಣಪತ್ರ ಕೊಡುವ ಸರ್ಕಾರಿ ವ್ಯವಸ್ಥೆಯನ್ನೇ ಕಟ್ಟದೆ ಪ್ರಮಾಣಪತ್ರ ಕೇಳುವುದು ನಿಷೇಧದ ಇನ್ನೊಂದು ಹೆಸರಾಗುತ್ತದೆ. ತಳಿಯ ಪಟ್ಟಿ ಮಾಡುವುದೂ ತಪ್ಪು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತವೆ, ಓಡುವ ಬೇಟೆಯನ್ನು ಕಂಡೊಡನೆ ಬೆನ್ನಟ್ಟಲೆಂದೇ ಬೆಳೆದ ನಮ್ಮ ಮುಧೋಳ ತಳಿ ಅಷ್ಟು ಒಗ್ಗದಿರಬಹುದು. ಅದು ತರಬೇತಿದಾರರಿಗೆ ಬಿಟ್ಟ ವಿಚಾರ. 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಒಂದೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟು ರದ್ದುಪಡಿಸಿದ್ದನ್ನು, ಸಂಬಂಧಪಟ್ಟವರನ್ನು ಕೇಳದೆ ಪಟ್ಟಿ ಮಾಡುವವರು ನೆನಪಿಡಬೇಕು.

ಕೊನೆಗೆ ಉಳಿಯುವುದು 'ಎಷ್ಟು ಜನರಿಗೆ ಇದು?' ಎಂಬ ಮಾತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ, ಅವರಲ್ಲಿ ದೃಷ್ಟಿಯ ತೊಂದರೆಯವರು ಸುಮಾರು 2.64 ಲಕ್ಷ. ಇವರಲ್ಲಿ ನಾಯಿ ಬಯಸುವವರು ಕೆಲವರೇ. ಅಮೆರಿಕದಲ್ಲೂ ಕುರುಡರಲ್ಲಿ ನಾಯಿಯನ್ನು ನೆಚ್ಚಿದವರು ಕೆಲವರೇ. ನಾಯಿ ಎಂದರೆ ಊಟ, ಸ್ನಾನ, ಪಶುವೈದ್ಯರು, ದಿನಕ್ಕೆ ಎರಡು ಸಲ ಹೊರಗೆ ಒಯ್ಯುವುದು. ಎಲ್ಲರಿಗೂ ಅದು ಹಿಡಿಸದು. ನಾಯಿಯ ಹಿತವೂ ಇದೆ: ಏಪ್ರಿಲ್ ಮಧ್ಯಾಹ್ನದ ಡಾಂಬರು ಅದರ ಪಾದ ಸುಡುತ್ತದೆ, ಎಂಟು ಹತ್ತು ವರ್ಷಕ್ಕೆ ಅದಕ್ಕೂ ನಿವೃತ್ತಿ ಬೇಕು. ಆದರೆ ಕೆಲವರಿಗಷ್ಟೇ ಬೇಕು ಎಂಬ ಕಾರಣಕ್ಕೆ ನಾವು ಲಿಫ್ಟು ಕಟ್ಟುವುದನ್ನು ಬಿಟ್ಟಿಲ್ಲ. ಸಾಕುನಾಯಿಯ ವಿಷಯದಲ್ಲೇ ನಾವು ಸಾಕಷ್ಟು ದೂರ ಬಂದಿದ್ದೇವೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಲ್ಲಿ ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಕೆಎಸ್‌ಆರ್‌ಟಿಸಿ 2022ರಲ್ಲಿ ನಾಯಿಯ ಟಿಕೆಟ್ಟನ್ನು ಅರ್ಧಕ್ಕೆ ಇಳಿಸಿತು. ಒಳ್ಳೆಯದು, ಆದರೆ ಗಾಲಿಕುರ್ಚಿಗೆ ಟಿಕೆಟ್ ಕೇಳದ ನಾವು ಸಹಾಯಕ ನಾಯಿಗೆ ಅರ್ಧ ಟಿಕೆಟ್ಟನ್ನೂ ಕೇಳಬಾರದು.

ಮೆಟ್ರೊ ನಿಗಮ, ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಮತ್ತು ಹೊಸದಾಗಿ ರಚನೆಯಾದ ಬೆಂಗಳೂರು ಪೂರ್ವ ನಗರಪಾಲಿಕೆ ತಮ್ಮ ನಿಯಮಗಳಿಗೆ ಸೇರಿಸಬೇಕಾದದ್ದು ಇಷ್ಟೇ: ಅಂಗವಿಕಲ ವ್ಯಕ್ತಿಯ ನೆರವಿಗೆ ತರಬೇತಿ ಪಡೆದು ಹತೋಟಿಯಲ್ಲಿರುವ ನಾಯಿಗೆ ಈ ನಿಷೇಧ ಅನ್ವಯಿಸುವುದಿಲ್ಲ, ಅದಕ್ಕೆ ಶುಲ್ಕವೂ ಇಲ್ಲ. ಅವರು ತಾವಾಗಿ ಸೇರಿಸದಿದ್ದರೆ, 2016ರ ಕಾಯ್ದೆಯಡಿ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಅರ್ಜಿ ಬರೆಯುವ ದಾರಿ ತೆರೆದಿದೆ. ಅಂಗವಿಕಲರ ಸಂಘಟನೆಗಳೂ ವಕೀಲರೂ ಅದನ್ನು ಹಿಡಿಯಲಿ ಎಂದು ಕೇಳಿಕೊಳ್ಳುತ್ತೇನೆ. ಓದುಗರಲ್ಲೂ ಒಂದು ಕೋರಿಕೆ. ಟೀ ಅಂಗಡಿಯ ಮುಂದೆ ನಾಯಿ ಕಂಡರೆ ಬಿಸ್ಕತ್ತು ಹಾಕುವ ಒಳ್ಳೆಯ ಅಭ್ಯಾಸ ನಮ್ಮ ಊರಿಗಿದೆ. ಬೆನ್ನಿಗೆ ಸರಂಜಾಮು ಕಟ್ಟಿಕೊಂಡು ಒಬ್ಬರ ಎಡಗಡೆ ನಡೆಯುವ ನಾಯಿ ಕಂಡ ದಿನ ಮಾತ್ರ ಬಿಸ್ಕತ್ತು ಹಾಕಬೇಡಿ, ಮುಟ್ಟಬೇಡಿ, ಕರೆಯಬೇಡಿ. ಮಾತಾಡುವುದಿದ್ದರೆ ಆ ಮನುಷ್ಯರೊಂದಿಗೆ ಮಾತಾಡಿ, ಇಲ್ಲದಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡಿ.